ವರ್ಗಾವಣೆ ಆಗುವವರ ಆಕಾಶ

ವಿಡಿಯೋದಲ್ಲಿ ಸಮಯ ಸಾಲದೆ ಓಡಿಸಿಬಿಟ್ಟಿದ್ದನ್ನ ಇಲ್ಲಿ ಸ್ವಲ್ಪ ಸಾವಧಾನವಾಗಿ ಬರೀತಿದ್ದೀನಿ. ಈ ಸಲದ ವಿಷಯ ನಕ್ಷತ್ರ ನೋಡುವ ಸಂಜೆಗಳು, ಮತ್ತೆ ಆ ಸಂಜೆಗಳನ್ನು ನಡೆಸೋ ಹವ್ಯಾಸಿ ಸಂಘಗಳ ಇತಿಹಾಸ. ಖಗೋಳ ವಿಜ್ಞಾನ ಅಂದ ತಕ್ಷಣ ಆರ್ಯಭಟ, ಭಾಸ್ಕರ ಅಂತ ಶುರು ಮಾಡೋದು ನಮಗೆ ರೂಢಿ. ಇವತ್ತು ಅವರನ್ನು ಬಿಟ್ಟು ಗುಮಾಸ್ತರು, ಲೆಕ್ಕಪತ್ರದವರು, ಕೋರ್ಟಿನಲ್ಲಿ ಶೀಘ್ರಲಿಪಿ ಬರೆಯುತ್ತಿದ್ದವರ ಕತೆ ಹೇಳ್ತೀನಿ. ಹಗಲೆಲ್ಲ ಆಫೀಸು, ರಾತ್ರಿ ಆಕಾಶ. ಒಂಥರಾ ನಮ್ಮವರೇ.

ಕಲ್ಕತ್ತಾ, 1910

1910ರಲ್ಲಿ ಹ್ಯಾಲಿ ಧೂಮಕೇತು ಬಂತು. ದೂರದರ್ಶಕ ಬೇಡ, ಬರಿಗಣ್ಣಿಗೇ ಬಾಲ ಕಾಣ್ತಿತ್ತು. ಜಗತ್ತಿನ ತುಂಬ ಭಯವೂ ಇತ್ತು, ಕುತೂಹಲವೂ ಇತ್ತು. ಕಲ್ಕತ್ತಾದಲ್ಲಿ ಆ ಕುತೂಹಲ ಒಂದು ಸಂಘವಾಯಿತು. ಅದೇ ವರ್ಷ ಶುರುವಾದ ಅದರ ಹೆಸರು ಆಸ್ಟ್ರನಾಮಿಕಲ್ ಸೊಸೈಟಿ ಆಫ್ ಇಂಡಿಯಾ. ಮುಂದೆ ನಿಂತವರು ಎಚ್. ಜಿ. ಟಾಮ್ಕಿನ್ಸ್ ಅಂತ, ಸರ್ಕಾರದ ಲೆಕ್ಕಪತ್ರ ವಿಭಾಗದ ಹಿರಿಯ ಅಧಿಕಾರಿ. ಹಗಲು ಬಂಗಾಳದ ಜಮಾಖರ್ಚು, ರಾತ್ರಿ ಚಂದ್ರನ ಮೇಲಿನ ಕುಳಿಗಳು. ಅದೇ ಇಲಾಖೆಯಲ್ಲಿ 1907ರಲ್ಲಿ ಕೆಲಸಕ್ಕೆ ಸೇರಿದ್ದ ಒಬ್ಬ ತರುಣನೂ ಈ ಸಂಘದ ಒಡನಾಟದಲ್ಲಿದ್ದ. ಹೆಸರು ಸಿ. ವಿ. ರಾಮನ್. ಹೌದು, ಆಮೇಲೆ ನಮ್ಮ ಬೆಂಗಳೂರಿಗೆ ಬಂದು ನೆಲೆಸಿದ ಅದೇ ರಾಮನ್.

ಸಂಘ ಜೋರಾಗಿಯೇ ನಡೀತು. ಸಭೆಗಳು, ಉಪನ್ಯಾಸಗಳು, ಸ್ವಂತದ್ದೊಂದು ಪತ್ರಿಕೆ, ಚಂದ್ರನಿಗೆ, ಚಂಚಲ ನಕ್ಷತ್ರಗಳಿಗೆ ಬೇರೆ ಬೇರೆ ವಿಭಾಗಗಳು. ಆದರೆ ಟಾಮ್ಕಿನ್ಸ್ ಕಲ್ಕತ್ತಾ ಬಿಟ್ಟ ಮೇಲೆ ಸೊರಗತೊಡಗಿತು. ಮಧ್ಯೆ ಮೊದಲ ಮಹಾಯುದ್ಧ ಬಂತು. 1920ರ ದಶಕದ ಆರಂಭದ ಹೊತ್ತಿಗೆ ಸಂಘ ನಿಂತೇಹೋಯಿತು. ಇವತ್ತು ಇದೇ ಹೆಸರಿನ ಒಂದು ಸಂಸ್ಥೆ ಇದೆ, ಅದು 1972ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ವೃತ್ತಿಪರ ವಿಜ್ಞಾನಿಗಳದ್ದು. ಕಲ್ಕತ್ತಾದ ಹಳೇ ಸಂಘಕ್ಕೂ ಅದಕ್ಕೂ ಸಂಬಂಧವಿಲ್ಲ.

ನನಗೆ ಇಲ್ಲಿ ಕಾಣೋದು ಒಂದು ಸರಳ ವಿಷಯ. ಆ ಸಂಘದಲ್ಲಿ ದುಡ್ಡಿತ್ತು, ಓದಿದವರಿದ್ದರು, ಸರ್ಕಾರದಲ್ಲಿ ಕೈಯಾಡಿಸಬಲ್ಲವರಿದ್ದರು. ಆದರೆ ಅದರ ಮುಖ್ಯರೆಲ್ಲ ವರ್ಗಾವಣೆ ಆಗುವ ಜನ. ಒಂದು ಆರ್ಡರ್ ಬಂದರೆ ಮುಗೀತು, ಪೆಟ್ಟಿಗೆ ಕಟ್ಟಿ ಶಿಮ್ಲಾಕ್ಕೋ ರಂಗೂನಿಗೋ ಹೊರಡಬೇಕು. ಹೊರಟವರ ಜಾಗಕ್ಕೆ ಇನ್ನೊಬ್ಬರನ್ನು ತಯಾರು ಮಾಡುವ ಏರ್ಪಾಡು ಇಲ್ಲದಿದ್ದರೆ ಸಂಘ ಅವರ ಪೆಟ್ಟಿಗೆಯೊಳಗೇ ಹೋಗಿಬಿಡುತ್ತೆ.

ಇದನ್ನು ಓದುವಾಗ ಎದೆ ಸ್ವಲ್ಪ ಧಸಕ್ ಅಂದಿದ್ದು ಸುಳ್ಳಲ್ಲ. ಯಾಕಂದ್ರೆ ನಮ್ಮದೂ ಅದೇ ಜಾತಕ. ನಾನು ಪುಣೆಗೆ ಬಂದು ಒಂಬತ್ತು ವರ್ಷ ಆಯ್ತು. ಇಲ್ಲಿ ನಾವೊಂದಷ್ಟು ಕನ್ನಡದವರು, ಜೊತೆಗೆ ಮರಾಠಿ, ತೆಲುಗು ಗೆಳೆಯರು ಸೇರಿ ಅಮಾವಾಸ್ಯೆ ಹತ್ತಿರದ ಶನಿವಾರ ಊರಾಚೆ ಹೋಗ್ತೀವಿ. ಇಪ್ಪತ್ತು–ಮೂವತ್ತು ಜನ. ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿರಬೇಕು, ಬಿಳಿ ಬೆಳಕು ಹಾಕಿದವರಿಗೆ ಬೈಗುಳ ಗ್ಯಾರಂಟಿ, ಕತ್ತಲಿಗೆ ಕಣ್ಣು ಹೊಂದಲು ಕನಿಷ್ಠ ಇಪ್ಪತ್ತು ನಿಮಿಷ ಬೇಕು. ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಚುರುಮುರಿ. ಮೊದಲ ಸಲ ಶನಿಯ ಉಂಗುರ ನೋಡಿದ ಪ್ರತಿಯೊಬ್ಬರೂ ಒಂದೇ ಮಾತು ಹೇಳೋದು: "ಲೆನ್ಸ್ ಮೇಲೆ ಸ್ಟಿಕ್ಕರ್ ಅಂಟಿಸಿದ್ದೀರಾ?" ಗುಂಪಿಗೆ ಇರೋದು ಒಂದೇ ದೂರದರ್ಶಕ. ಅದರ ಒಡೆಯರಿಗೆ ಈಗ ಬೇರೆ ಊರಿನಲ್ಲಿ ಕೆಲಸ ಸಿಕ್ಕಿದೆ, ನೋಟಿಸ್ ಪೀರಿಯಡ್ ನಡೀತಿದೆ. ಹಾಗಾದರೆ ನಮ್ಮ ಶನಿವಾರಗಳು ಮುಗಿದವಾ?

ಈ ಪ್ರಶ್ನೆ ಇಟ್ಟುಕೊಂಡೇ ನಾನು ಹಳೇ ಸಂಘಗಳ ಕತೆ ಓದೋಕೆ ಕೂತದ್ದು. ಉತ್ತರ ಸಿಕ್ಕಿದ್ದು ಕಲ್ಕತ್ತಾದಲ್ಲಲ್ಲ, ಅಲ್ಲಿಂದ ಈಶಾನ್ಯಕ್ಕಿರುವ ಜೆಸ್ಸೋರ್ ಅನ್ನೋ ಜಿಲ್ಲಾ ಪಟ್ಟಣದಲ್ಲಿ.

ಜೆಸ್ಸೋರಿನ ಖಜಾನೆ ಗುಮಾಸ್ತ

ಜೆಸ್ಸೋರ್ ಈಗ ಬಾಂಗ್ಲಾದೇಶದಲ್ಲಿದೆ. ಅಲ್ಲಿ ರಾಧಾಗೋವಿಂದ ಚಂದ್ರ ಅಂತ ಒಬ್ಬರಿದ್ದರು, 1878ರಲ್ಲಿ ಹುಟ್ಟಿದವರು. ಶಾಲೆಯಲ್ಲಿ ಎಂಟ್ರೆನ್ಸ್ ಪರೀಕ್ಷೆಯನ್ನೇ ದಾಟಲಾಗಲಿಲ್ಲ. ಕಲೆಕ್ಟರ್ ಕಚೇರಿಯ ಖಜಾನೆಯಲ್ಲಿ ನಾಣ್ಯ ಪರೀಕ್ಷಿಸುವ ಸಣ್ಣ ಕೆಲಸ ಸಿಕ್ಕಿತು. ಅಸಲಿ ಯಾವುದು, ಖೋಟಾ ಯಾವುದು ಅಂತ ದಿನವಿಡೀ ನೋಡೋದು. ಇವತ್ತಿನ ಭಾಷೆಯಲ್ಲಿ ಹೇಳಬೇಕಂದ್ರೆ ಕ್ಯೂಎ. ಅದೇ ಊರಿನ ಒಬ್ಬ ವಕೀಲರು ನಕ್ಷತ್ರ ಗುರುತಿಸೋದನ್ನ ಹೇಳಿಕೊಟ್ಟರು. ಹ್ಯಾಲಿ ಧೂಮಕೇತುವನ್ನು ಇವರು ನೋಡಿದ್ದು ಬೈನಾಕ್ಯುಲರ್‌ನಲ್ಲಿ. 1912ರಲ್ಲಿ ಸಾಲಸೋಲ ಹೊಂಚಿಕೊಂಡೋ ಏನೋ, ಇಂಗ್ಲೆಂಡಿನಿಂದ ಮೂರಿಂಚಿನ ಒಂದು ದೂರದರ್ಶಕ ತರಿಸಿಕೊಂಡರು.

1918ರ ಜೂನ್. ಗರುಡ ನಕ್ಷತ್ರಪುಂಜದಲ್ಲಿ ಎಂದೂ ಇಲ್ಲದ ಹೊಸ ನಕ್ಷತ್ರವೊಂದು ಹೊಳೆಯಿತು. ಇಪ್ಪತ್ತನೇ ಶತಮಾನದ ಅತ್ಯಂತ ಪ್ರಕಾಶಮಾನವಾದ ನೋವಾ ಅದು. ಅದನ್ನು ಸ್ವತಂತ್ರವಾಗಿ ಗುರುತಿಸಿದವರಲ್ಲಿ ಜೆಸ್ಸೋರಿನ ಈ ಗುಮಾಸ್ತರೂ ಒಬ್ಬರು. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದ ಎಡ್ವರ್ಡ್ ಪಿಕರಿಂಗ್ ಅವರಿಗೆ ವರದಿ ಕಳಿಸಿದರು. ಅಲ್ಲಿಂದ ಅವರಿಗೆ ಒಂದು ಸಂಘದ ನಂಟು ಬೆಳೆಯಿತು: ಅಮೆರಿಕನ್ ಅಸೋಸಿಯೇಷನ್ ಆಫ್ ವೇರಿಯಬಲ್ ಸ್ಟಾರ್ ಅಬ್ಸರ್ವರ್ಸ್, ಚಿಕ್ಕದಾಗಿ ಎಎವಿಎಸ್‌ಓ.

ಈ ಸಂಘದ ಬಗ್ಗೆ ಎರಡು ಮಾತು ಹೇಳಲೇಬೇಕು. 1911ರಲ್ಲಿ ಶುರು ಮಾಡಿದವರು ವಿಲಿಯಂ ಟೈಲರ್ ಓಲ್ಕಾಟ್, ವಕೀಲ. ಕೆಲವು ನಕ್ಷತ್ರಗಳ ಬೆಳಕು ಏರಿಳಿಯುತ್ತಾ ಇರುತ್ತೆ. ಕೆಲವಕ್ಕೆ ದಿನಗಳ ಲೆಕ್ಕ, ಕೆಲವಕ್ಕೆ ತಿಂಗಳುಗಳು, ಕೆಲವಕ್ಕೆ ಲೆಕ್ಕವೇ ಇಲ್ಲ. ಇವೇ ಚಂಚಲ ನಕ್ಷತ್ರಗಳು. ಇವುಗಳನ್ನು ಪ್ರತಿ ರಾತ್ರಿ ಕಾಯ್ತಾ ಕೂರೋಕೆ ದೊಡ್ಡ ವೀಕ್ಷಣಾಲಯಗಳಿಗೆ ಪುರುಸೊತ್ತಿಲ್ಲ. ಹವ್ಯಾಸಿಗಳಿಗೆ ಇದೆ. ವಿಧಾನ ನಮ್ಮಜ್ಜಿಗೂ ಅರ್ಥವಾಗುವಂಥದ್ದು. ಚಂಚಲ ನಕ್ಷತ್ರದ ಅಕ್ಕಪಕ್ಕ, ಬೆಳಕು ಬದಲಾಗದ ಎರಡು ನಕ್ಷತ್ರ ಆರಿಸಿಕೊಳ್ಳಿ. ಒಂದು ಇದಕ್ಕಿಂತ ಸ್ವಲ್ಪ ಪ್ರಖರ, ಇನ್ನೊಂದು ಸ್ವಲ್ಪ ಮಂಕು. ನಡುವೆ ಇದು ಎಲ್ಲಿ ನಿಲ್ಲುತ್ತೆ ಅಂತ ಕಣ್ಣಂದಾಜಿನಲ್ಲಿ ತೂಗಿ. ತಾರೀಖು, ಗಂಟೆ, ಅಂದಾಜು ಬರೆದಿಡಿ. ಅಷ್ಟೇ. ಒಬ್ಬರ ಅಂದಾಜಿಗೆ ಬೆಲೆ ಕಮ್ಮಿ. ಸಾವಿರ ಜನರ ಅಂದಾಜು ಐವತ್ತು ವರ್ಷ ಸೇರಿದರೆ ನಕ್ಷತ್ರದ ನಾಡಿಬಡಿತ ಸಿಗುತ್ತೆ.

ನಾಣ್ಯ ತೂಗಿ ಪಳಗಿದ ಕಣ್ಣಿಗೆ ಇದು ಹೇಳಿ ಮಾಡಿಸಿದ ಕೆಲಸ. 1919ರಿಂದ 1954ರವರೆಗೆ ರಾಧಾಗೋವಿಂದ ಚಂದ್ರ ಕಳಿಸಿದ ಅಂದಾಜುಗಳು 37 ಸಾವಿರಕ್ಕೂ ಹೆಚ್ಚು. ಲೆಕ್ಕ ಹಾಕಿ ನೋಡಿ: ಮೂವತ್ತೈದು ವರ್ಷ ದಿನಕ್ಕೆ ಸರಾಸರಿ ಮೂರರಷ್ಟು. ಬಂಗಾಳದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಆಕಾಶವೇ ಕಾಣೋದಿಲ್ಲ, ಅಂದ್ರೆ ಮೋಡ ಇಲ್ಲದ ರಾತ್ರಿಗಳಲ್ಲಿ ಇನ್ನೂ ಎಷ್ಟು ದುಡಿದಿರಬೇಕು? ಬೆಳಗಾದರೆ ಮತ್ತೆ ಖಜಾನೆ. 1928ರಲ್ಲಿ ಫ್ರಾನ್ಸ್ ಸರ್ಕಾರ ಅವರಿಗೆ ಗೌರವ ಪದಕ ಕೊಟ್ಟಿತು.

ಊರೂರು ತಿರುಗಿದ ದೂರದರ್ಶಕ

ಮೂರಿಂಚಿನ ದೂರದರ್ಶಕಕ್ಕೆ ಕಾಣುವ ನಕ್ಷತ್ರಗಳಿಗೆ ಒಂದು ಮಿತಿ ಇದೆ. ಇಷ್ಟು ದುಡಿಯುವ ಮನುಷ್ಯನ ಕೈಯಲ್ಲಿ ಇಷ್ಟು ಚಿಕ್ಕ ಉಪಕರಣ ಇರೋದು ಸರಿಯಲ್ಲ ಅನ್ನೋದು ಸಂಘದವರಿಗೆ ಹೊಳೆಯಿತು. ಅಲ್ಲಿ ಚಾರ್ಲ್ಸ್ ಎಲ್ಮರ್ ಅಂತ ಒಬ್ಬರು ಮುಖ್ಯ ಸದಸ್ಯರು. ವೃತ್ತಿಯಲ್ಲಿ ಕೋರ್ಟಿನ ಶೀಘ್ರಲಿಪಿಕಾರ. ಮುಂದೆ 1937ರಲ್ಲಿ ಇದೇ ಎಲ್ಮರ್ ಮತ್ತು ರಿಚರ್ಡ್ ಪರ್ಕಿನ್ ಸೇರಿ ಪರ್ಕಿನ್-ಎಲ್ಮರ್ ಕಂಪನಿ ಕಟ್ಟಿದರು, ಹಬಲ್ ಬಾಹ್ಯಾಕಾಶ ದೂರದರ್ಶಕದ ದೊಡ್ಡ ಕನ್ನಡಿ ಉಜ್ಜಿದ್ದು ಆ ಕಂಪನಿಯೇ. ಇಬ್ಬರನ್ನು ಹತ್ತಿರ ತಂದಿದ್ದೂ ನಕ್ಷತ್ರದ ಹುಚ್ಚೇ. ಎಲ್ಮರ್ ಅವರಿಂದ ಸಂಘಕ್ಕೆ ಬಂದಿದ್ದ ಆರಿಂಚಿನ ದೂರದರ್ಶಕ ಹಡಗು ಹತ್ತಿ 1926ರಲ್ಲಿ ಜೆಸ್ಸೋರ್ ತಲುಪಿತು. ಹಳ್ಳಿ ಮನೆಯ ಅಂಗಳದಲ್ಲಿ ಅಮೆರಿಕದ ದೂರದರ್ಶಕ!

ಆದರೆ ಅದು ಇನಾಮಲ್ಲ, ಎರವಲು. ನೋಡುವಷ್ಟು ದಿನ ನಿಮ್ಮದು, ನಿಮ್ಮ ಕಣ್ಣು ಸೋತಾಗ ಇನ್ನೊಬ್ಬರಿಗೆ. ನನ್ನ ಮಟ್ಟಿಗೆ ಈ ಇಡೀ ಇತಿಹಾಸದ ತಿರುಳು ಈ ಒಂದು ಷರತ್ತಿನಲ್ಲಿದೆ.

1947ರಲ್ಲಿ ದೇಶ ಒಡೆಯಿತು. ಜೆಸ್ಸೋರ್ ಪೂರ್ವ ಪಾಕಿಸ್ತಾನಕ್ಕೆ ಹೋಯಿತು. ರಾಧಾಗೋವಿಂದ ಚಂದ್ರ ಊರು ಬಿಟ್ಟು ಪಶ್ಚಿಮ ಬಂಗಾಳಕ್ಕೆ ಬಂದರು. 1954ರ ಹೊತ್ತಿಗೆ ವಯಸ್ಸು ಎಪ್ಪತ್ತೈದು ದಾಟಿತ್ತು, ದೃಷ್ಟಿ ಕೈಕೊಡುತ್ತಿತ್ತು. ವೀಕ್ಷಣೆ ನಿಲ್ಲಿಸಿದರು. ಷರತ್ತಿನಂತೆ ದೂರದರ್ಶಕ ಮುಂದಿನವರಿಗೆ ಹೋಗಬೇಕಲ್ಲ? ಹೋಗಿದ್ದು ಎಂ. ಕೆ. ವೇಣು ಬಾಪು ಅವರ ಕೈಗೆ.

ಬಾಪು ಯಾರು ಅಂತ ಹೈದರಾಬಾದಿನಲ್ಲಿರೋರು ತಿಳಿದಿರಬೇಕು. ಅವರ ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದರು. ಹುಡುಗ ಬೆಳೆದದ್ದೇ ದೂರದರ್ಶಕಗಳ ನಡುವೆ. ಕಾಲೇಜು ದಿನಗಳಲ್ಲೇ ಚಂಚಲ ನಕ್ಷತ್ರಗಳ ವೀಕ್ಷಣೆ ಶುರು. ಮುಂದೆ ಹಾರ್ವರ್ಡಿಗೆ ಹೋದರು, 1949ರಲ್ಲಿ ಇಬ್ಬರು ಸಹೋದ್ಯೋಗಿಗಳ ಜೊತೆ ಒಂದು ಧೂಮಕೇತು ಕಂಡುಹಿಡಿದರು. ಅದಕ್ಕೆ ಮೂವರ ಹೆಸರೂ ಇದೆ: ಬಾಪು–ಬೋಕ್–ನ್ಯೂಕರ್ಕ್. ಭಾರತಕ್ಕೆ ವಾಪಸ್ ಬಂದು ಉತ್ತರ ಪ್ರದೇಶದ ವೀಕ್ಷಣಾಲಯ ಕಟ್ಟಿದರು, 1960ರಲ್ಲಿ ಕೊಡೈಕನಾಲ್‌ಗೆ ಬಂದರು. ಕತ್ತಲ ಆಕಾಶ ಹುಡುಕುತ್ತಾ ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರನ್ನು ಆರಿಸಿಕೊಂಡರು. ಭಾರತೀಯ ಖಭೌತ ಸಂಸ್ಥೆ ಬೆಂಗಳೂರಿನ ಕೋರಮಂಗಲದಲ್ಲಿ ನೆಲೆಯೂರಲು ಕಾರಣರಾದವರೂ ಅವರೇ. 1982ರಲ್ಲಿ ತೀರಿಕೊಂಡರು. ಕಾವಲೂರಿನ 2.34 ಮೀಟರ್ ದೂರದರ್ಶಕಕ್ಕೆ 1986ರಲ್ಲಿ ಅವರ ಹೆಸರಿಟ್ಟರು.

ಜೆಸ್ಸೋರಿನ ಅಂಗಳದಲ್ಲಿದ್ದ ಆ ಆರಿಂಚಿನ ದೂರದರ್ಶಕವೂ ಕೊನೆಗೆ ಕಾವಲೂರಿಗೇ ಬಂತು. ಅಮೆರಿಕ, ಜೆಸ್ಸೋರ್, ಪಶ್ಚಿಮ ಬಂಗಾಳ, ತಮಿಳುನಾಡು. ನಮ್ಮ ರೆಸ್ಯೂಮೆಗಳಲ್ಲೂ ಇಷ್ಟು ಊರಿರಲ್ಲ. ಶೀಘ್ರಲಿಪಿಕಾರನಿಂದ ಗುಮಾಸ್ತರಿಗೆ, ಗುಮಾಸ್ತರಿಂದ ವಿಜ್ಞಾನಿಗೆ. ಮಧ್ಯೆ ಒಂದು ದೇಶ ಒಡೆದುಹೋಯಿತು, ದೂರದರ್ಶಕದ ಕೈಬದಲಾವಣೆ ನಿಲ್ಲಲಿಲ್ಲ. ಅಧಿಕಾರಿಗಳಿದ್ದ ಕಲ್ಕತ್ತಾದ ಸಂಘ ಹತ್ತು–ಹನ್ನೆರಡು ವರ್ಷಕ್ಕೆ ನಿಂತಿತು. ಪೋಸ್ಟ್ ಕವರಿನಲ್ಲಿ ನಡೀತಿದ್ದ ಎಎವಿಎಸ್‌ಓ ನೂರು ವರ್ಷ ದಾಟಿ ಇವತ್ತಿಗೂ ಇದೆ. ವ್ಯತ್ಯಾಸ ಎಲ್ಲಿದೆ? ಎರಡನೆಯದು ಮೊದಲ ದಿನದಿಂದ ಹಸ್ತಾಂತರಕ್ಕೆಂದೇ ಕಟ್ಟಿದ್ದು. ನಮ್ಮ ಭಾಷೆಯಲ್ಲಿ, ಕೆಟಿ ಅನ್ನೋದು ಕೊನೇ ವಾರದ ಕೆಲಸ ಆಗಿರಲಿಲ್ಲ, ಅದೇ ದಿನನಿತ್ಯದ ಕೆಲಸವಾಗಿತ್ತು.

ನಾವಿರುವ ಊರುಗಳಲ್ಲಿ

ಈ ದೃಷ್ಟಿಯಿಂದ ನಾವಿರೋ ಊರುಗಳನ್ನ ನೋಡಿ. ಪುಣೆಯಲ್ಲಿ ಜ್ಯೋತಿರ್ವಿದ್ಯಾ ಪರಿಸಂಸ್ಥಾ ಇದೆ. 1944ರ ಆಗಸ್ಟಿನಲ್ಲಿ, ಎರಡನೇ ಮಹಾಯುದ್ಧ ನಡೀತಿದ್ದಾಗ ಹುಟ್ಟಿದ್ದು. ದೇಶದಲ್ಲಿ ಈಗ ನಡೆಯುತ್ತಿರುವ ಹವ್ಯಾಸಿ ಖಗೋಳ ಸಂಘಗಳಲ್ಲಿ ಅತ್ಯಂತ ಹಳೆಯದು ಅಂತ ಹೆಸರು. ತಿಳಕ್ ರಸ್ತೆಯ ತಿಳಕ್ ಸ್ಮಾರಕ ಮಂದಿರದ ಮುಂದೆ ನೀವು ಎಷ್ಟು ಸಲ ಟ್ರಾಫಿಕ್ಕಿನಲ್ಲಿ ನಿಂತಿರ್ತೀರೋ, ಅವರ ನೆಲೆ ಅಲ್ಲೇ. ಎಂಬತ್ತು ವರ್ಷ ಅಂದ್ರೆ ಕನಿಷ್ಠ ಮೂರು ತಲೆಮಾರು. ಶಾಲೆ ಹುಡುಗರಾಗಿ ಬಂದವರು ದೊಡ್ಡವರಾಗಿ ಶಾಲೆ ಹುಡುಗರಿಗೆ ತೋರಿಸಿದರೆ ಮಾತ್ರ ಒಂದು ಸಂಘ ಇಷ್ಟು ದೂರ ಬರಲು ಸಾಧ್ಯ.

ಮುಂಬೈಯ ಖಗೋಲ್ ಮಂಡಲ್ 1985–86ರ ಹೊತ್ತಿಗೆ, ಹ್ಯಾಲಿ ಧೂಮಕೇತು ಮತ್ತೆ ಬಂದಾಗ ಹುಟ್ಟಿದ್ದು. ಈ ಸಲ ಹ್ಯಾಲಿ ಅಷ್ಟು ಚೆನ್ನಾಗಿ ಕಾಣಲೇ ಇಲ್ಲ, ತುಂಬ ಜನಕ್ಕೆ ನಿರಾಸೆ. ಆದರೂ ಸಂಘ ಉಳಿಯಿತು. ಸೆಂಟ್ರಲ್ ಲೈನಿನಲ್ಲಿ ಬದ್ಲಾಪುರ ದಾಟಿ ವಾಂಗಣಿ ಅಂತ ಸ್ಟೇಷನ್ ಇದೆ, ಅಲ್ಲಿ ರಾತ್ರಿಯಿಡೀ ನಕ್ಷತ್ರ ವೀಕ್ಷಣೆ. ಲೋಕಲ್ ಟ್ರೈನಿನಲ್ಲೇ ಹೋಗಬಹುದಾದ ಕತ್ತಲು. ದೆಹಲಿಯಲ್ಲಿರೋರಿಗೆ 1984ರಲ್ಲಿ ತೆರೆದ ನೆಹರೂ ತಾರಾಲಯದ ಆಸುಪಾಸಿನಲ್ಲಿ ಹವ್ಯಾಸಿಗಳು ಸಿಗ್ತಾರೆ. ನಮ್ಮ ಬೆಂಗಳೂರಿನ ಹವ್ಯಾಸಿಗಳ ಸಂಘ 1976ರಲ್ಲೇ ಶುರುವಾಗಿತ್ತು, ತಾರಾಲಯ ಬಂದದ್ದು ಆಮೇಲೆ, 1989ರಲ್ಲಿ.

ಇನ್ನು ಚೆನ್ನೈ. ಅಲ್ಲಿ ನಮಗೊಂದು ನೇರ ಕನ್ನಡದ ಋಣ ಇದೆ, ತುಂಬ ಜನಕ್ಕೆ ಗೊತ್ತಿಲ್ಲ. ನುಂಗಂಬಾಕ್ಕಂನಲ್ಲಿ 1792ರ ಮದ್ರಾಸ್ ವೀಕ್ಷಣಾಲಯ ಇತ್ತು, ಈಗ ಹವಾಮಾನ ಇಲಾಖೆಯ ಆವರಣ, ಹಳೇ ಕಲ್ಲಿನ ಕಂಬ ಇನ್ನೂ ಇದೆ. ಅಲ್ಲಿ ಚಿಂತಾಮಣಿ ರಘುನಾಥಾಚಾರಿ ಅಂತ ಸಹಾಯಕರಿದ್ದರು. 1867ರಲ್ಲಿ ದಕ್ಷಿಣ ಆಕಾಶದ ಒಂದು ಚಂಚಲ ನಕ್ಷತ್ರ ಕಂಡುಹಿಡಿದರು. 1874ರ ಡಿಸೆಂಬರ್ 9ರಂದು ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋಗುವುದಿತ್ತು. ಜನ ಹೆದರದೆ, ಅರ್ಥ ಮಾಡಿಕೊಂಡು ನೋಡಲಿ ಅಂತ ಅವರು ಒಂದು ಪುಸ್ತಿಕೆ ಬರೆದರು. ಇಂಗ್ಲಿಷಿನಲ್ಲಿ ಮುಗಿಸಿ ಸುಮ್ಮನಾಗಲಿಲ್ಲ, ಭಾರತೀಯ ಭಾಷೆಗಳಲ್ಲೂ ತಂದರು, ಅದರಲ್ಲಿ ಕನ್ನಡವೂ ಇತ್ತು. ನೂರೈವತ್ತು ವರ್ಷದ ಹಿಂದೆ, ಚೆನ್ನೈಯಲ್ಲಿ ಕೂತು, ಕನ್ನಡ ಓದುವವನಿಗೂ ಆಕಾಶ ತಲುಪಲಿ ಅಂದುಕೊಂಡ ಒಬ್ಬ ನೌಕರ. ಆಮೇಲೆ ಆ ಕೆಲಸವನ್ನು ಕನ್ನಡದಲ್ಲಿ ಆರ್. ಎಲ್. ನರಸಿಂಹಯ್ಯ, ಜಿ. ಟಿ. ನಾರಾಯಣ ರಾವ್ ಅಂಥವರು ಮುಂದುವರಿಸಿದರು. ಜಿಟಿಎನ್ ಗಣಿತದ ಮೇಷ್ಟ್ರು. ಅವರ ಪುಸ್ತಕ ಓದಿ ಮಹಡಿ ಹತ್ತಿದವರು ನಿಮ್ಮಲ್ಲೂ ಇರಬಹುದು.

ಈ ಕತೆಗಳಿಂದ ನಮ್ಮ ಪುಣೆ ಗುಂಪು ಮೂರು ನಿಯಮ ಮಾಡಿಕೊಂಡಿತು. ಒಂದು, ದೂರದರ್ಶಕವನ್ನು ಎಲ್ಲರೂ ದುಡ್ಡು ಹಾಕಿ ಕೊಂಡುಕೊಂಡೆವು, ಅದು ಇನ್ನು ಯಾರದ್ದೂ ಅಲ್ಲ, ಮೂರು ಮೂರು ತಿಂಗಳು ಒಬ್ಬೊಬ್ಬರ ಮನೆ. ಎರಡು, ಪ್ರತಿ ಸಂಜೆ ಕನಿಷ್ಠ ಒಬ್ಬ ಹೊಸಬರು ದೂರದರ್ಶಕ ಜೋಡಿಸಬೇಕು, ಹಳಬರು ಕೈಕಟ್ಟಿ ನಿಲ್ಲಬೇಕು. ಕಷ್ಟ ಇದೆ, ಕೈ ಚಡಪಡಿಸುತ್ತೆ. ಮೂರು, ಒಂದು ರಿಜಿಸ್ಟರು. ಯಾವ ರಾತ್ರಿ, ಎಲ್ಲಿ, ಏನು ಕಂಡಿತು, ಮೋಡ ಇತ್ತಾ, ಎಲ್ಲ ಕೈಬರಹದಲ್ಲಿ. ಯಾರ ಲ್ಯಾಪ್‌ಟಾಪ್ ಯಾವ ಊರಿಗೆ ಹೋದರೂ ಪುಸ್ತಕ ಇಲ್ಲೇ ಇರುತ್ತೆ.

ಆರಿದ್ರೆಯಿಂದ ಶುರು ಮಾಡಿ

ಸಂಘ ಇಲ್ಲ, ದೂರದರ್ಶಕ ಇಲ್ಲ, ಊರ ಬೆಳಕಿನಲ್ಲಿ ಏನು ಕಾಣುತ್ತೆ ಅನ್ನೋರಿಗೆ ಒಂದು ನಕ್ಷತ್ರ ಹೇಳ್ತೀನಿ. ಅದರ ಹೆಸರು ನಿಮಗೆ ಹುಟ್ಟಿದಾಗಿನಿಂದ ಗೊತ್ತು.

ನಮ್ಮ ರೈತರ ಮಳೆ ಲೆಕ್ಕ ನಕ್ಷತ್ರದ್ದು. ರೋಹಿಣಿ ಮಳೆ, ಮೃಗಶಿರ, ಆರಿದ್ರ, ಪುನರ್ವಸು. ಸೂರ್ಯ ಯಾವ ನಕ್ಷತ್ರದ ಹತ್ತಿರ ಇರುತ್ತಾನೋ ಆ ಮಳೆ. ಆರಿದ್ರ ಮಳೆ ಜೂನ್ 21–22ರ ಸುಮಾರಿಗೆ ಶುರು. ಆಗ ಸೂರ್ಯ ಆರಿದ್ರೆಯ ದಿಕ್ಕಿನಲ್ಲೇ ಇರೋದರಿಂದ ಆ ನಕ್ಷತ್ರ ಕಾಣೋದೇ ಇಲ್ಲ. ಹೆಸರು ಕೇಳುವ ಕಾಲದಲ್ಲಿ ನಕ್ಷತ್ರ ಇಲ್ಲ, ನಕ್ಷತ್ರ ಇರುವ ಕಾಲದಲ್ಲಿ ಯಾರೂ ಹೆಸರು ಹೇಳಲ್ಲ. ಅದಕ್ಕೇ ನಮ್ಮಲ್ಲಿ ಎಷ್ಟೋ ಜನಕ್ಕೆ ಆರಿದ್ರ ಮಳೆ ಗೊತ್ತು, ಆರಿದ್ರ ನಕ್ಷತ್ರ ಗೊತ್ತಿಲ್ಲ.

ಅದನ್ನು ನೋಡಬೇಕಂದ್ರೆ ಡಿಸೆಂಬರ್–ಜನವರಿ ರಾತ್ರಿ ಊಟ ಮುಗಿಸಿ ಪೂರ್ವದ ಬಾಲ್ಕನಿಗೆ ಬನ್ನಿ. ಸಾಲಾಗಿ ಮೂರು ನಕ್ಷತ್ರ, ಅದು ಮಹಾವ್ಯಾಧನ ಸೊಂಟಪಟ್ಟಿ. ಅದರ ಎಡಕ್ಕೆ ಕೆಂಪಗೆ ಹೊಳೆಯುತ್ತಿರೋದೇ ಆರಿದ್ರೆ, ಇಂಗ್ಲಿಷಿನವರ ಬೀಟಲ್‌ಜ್ಯೂಸ್. ಹಿಂಜೆವಾಡಿ, ಗಚ್ಚಿಬೌಲಿ, ಓಎಂಆರ್, ಎಲ್ಲಿಂದಲೂ ಕಾಣುವಷ್ಟು ಪ್ರಖರ. ಮತ್ತೆ ಇದು ಚಂಚಲ ನಕ್ಷತ್ರ. 2019ರ ಕೊನೆಗೆ ಇದರ ಬೆಳಕು ಇಳಿಯತೊಡಗಿತು. 2020ರ ಫೆಬ್ರವರಿ ಹೊತ್ತಿಗೆ ಎಷ್ಟು ಮಂಕಾಯಿತು ಅಂದ್ರೆ, ಅದೇ ವ್ಯಾಧನ ಇನ್ನೊಂದು ಭುಜದ ಬೆಲ್ಲಾಟ್ರಿಕ್ಸ್‌ಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಸ್ಫೋಟ ಆಗುತ್ತೇನೋ ಅಂತ ಸುದ್ದಿಯೂ ಹಬ್ಬಿತು. ಆಮೇಲೆ ತಿಳಿದದ್ದು, ನಕ್ಷತ್ರ ತಾನೇ ಉಗುಳಿದ ದೂಳಿನ ಮೋಡ ಅದರ ಮುಖಕ್ಕೆ ಅಡ್ಡ ಬಂದಿತ್ತು. ಆ ಇಳಿತ ಅಸಹಜ ಅಂತ ಹೇಳೋಕೆ ಆಗಿದ್ದು ಹಿಂದಿನ ದಶಕಗಳ ಅಂದಾಜುಗಳು ಪುಸ್ತಕದಲ್ಲಿ ಇದ್ದಿದ್ದರಿಂದ. ಅದರಲ್ಲಿ ಹೆಚ್ಚಿನವು ಬರಿಗಣ್ಣಿನವು, ಹವ್ಯಾಸಿಗಳವು.

ಮಾಡಬೇಕಾದ್ದು ಇಷ್ಟೇ. ಆರಿದ್ರೆಯನ್ನು ರೋಹಿಣಿಯ ಜೊತೆ ಹೋಲಿಸಿ, ಮತ್ತೆ ಆರಿದ್ರೆಯ ಪೂರ್ವಕ್ಕೆ ಹೊಳೆಯುವ ಪ್ರೋಸಿಯಾನ್ ಜೊತೆ ಹೋಲಿಸಿ. ಪ್ರೋಸಿಯಾನ್ ಹೆಚ್ಚು ಪ್ರಖರ, ರೋಹಿಣಿ ಕಮ್ಮಿ. ಇವತ್ತು ಆರಿದ್ರೆ ಯಾವುದಕ್ಕೆ ಹತ್ತಿರ? ಮೂರೂ ಸುಮಾರು ಒಂದೇ ಎತ್ತರದಲ್ಲಿದ್ದಾಗ ನೋಡಿದರೆ ಅಂದಾಜು ಚೆನ್ನಾಗಿ ಬರುತ್ತೆ. ವಾರಕ್ಕೊಂದು ಸಲ ಸಾಕು. ತಾರೀಖು, ಗಂಟೆ, ಅಂದಾಜು ಬರೆದಿಡಿ. ಊರು ಬದಲಾದರೂ ಈ ಮೂರು ನಕ್ಷತ್ರ ಬದಲಾಗಲ್ಲ, ಚೆನ್ನೈಯಲ್ಲಿ ಶುರು ಮಾಡಿದ ಸಾಲನ್ನು ದೆಹಲಿಯಲ್ಲಿ ಮುಂದುವರಿಸಬಹುದು.

ಮನೆಯಲ್ಲಿ ಎಂಟು–ಹತ್ತು ವರ್ಷದ ಮಕ್ಕಳಿದ್ದರೆ ಪೆನ್ನು ಅವರ ಕೈಗೆ ಕೊಡಿ. ಅಂದಾಜು ನಿಮ್ಮದು, ಬರವಣಿಗೆ ಅವರದು. ಎರಡು ಚಳಿಗಾಲ ಕಳೆದ ಮೇಲೆ ಅದಲುಬದಲು ಮಾಡಿಕೊಳ್ಳಿ.